ಉಪ್ಪಿಲ್ಲದ ನೀರಿನಲ್ಲಿ ಕರಗಿದ ಹರಳು

"ನಿಮ್ಮ ಮೆಷಿನ್ನಿಗೆ ಕಣ್ಣಿಲ್ಲವೇನ್ರೀ?"

ಅಳತೆಯ ಕೋಣೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಒಳಗೆ ಕುಳಿತವನನ್ನು ಇಡೀ ಲ್ಯಾಬು ನಿಧಾನಪ್ಪ ಎಂದೇ ಕರೆಯುತ್ತಿತ್ತು. ನುಗ್ಗಿ ಬಂದ, ಹರಳು ಬೆಳೆಸುವ ಹುಡುಗಿಯನ್ನು ಅವನು ಮುಖಾಮುಖಿ ಕಂಡದ್ದು ಅದೇ ಮೊದಲು.

"ಡಿಎನ್‌ಎ ಸೇರಿಸ್ತಾನೇ ಹೋದೆ. ಪರದೆ ಮೇಲಿನ ಗೆರೆ ಅಲ್ಲಾಡಲಿಲ್ಲ," ಎಂದ. "ನಿಮ್ಮ ಹರಳಿನ ಪ್ಲಾಟಿನಂ ಅದನ್ನ ಹಿಡೀತಿಲ್ಲ."

ಹಿಡೀತಿಲ್ಲ! ಎಷ್ಟು ಸಲೀಸಾಗಿ ಅಂದುಬಿಟ್ಟ... ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಕಟ್ಟಿಹಾಕಲೆಂದೇ ಆ ಹಳದಿ ಹರಳುಗಳನ್ನು ಅವಳು ಎಳೆ ಸಸಿಯಂತೆ ಕಾದು ಬೆಳೆಸಿದ್ದಳು. ಸೋಮವಾರದೊಳಗೆ ಫಲ ಕಾಣದಿದ್ದರೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಈ ಕೆಲಸವನ್ನೇ ನಿಲ್ಲಿಸಲಿದ್ದರು.

ಆ ರಾತ್ರಿ ಮನೆಯಲ್ಲಿ ಅವಳು ತಟ್ಟೆ ಕುಕ್ಕಿದ ಸದ್ದಿಗೆ ಅಮ್ಮ ತಿರುಗಿದರು.

"ಏನಂದನೇ ಅವನು?"

"ಏನೂ ಅನ್ನಲಿಲ್ಲಮ್ಮ. ಅಷ್ಟು ಬೈದೆ, ಸುಮ್ಮನೆ ಕೇಳಿಸ್ಕೊಂಡ. ಅದಕ್ಕೇ ಸಿಟ್ಟು!"

ಮರುದಿನ ಅವನೇ ಅವಳ ಮೇಜಿನ ಬಳಿ ಬಂದು ನಿಂತ.

"ಕರಗಿಸದ ಹರಳು ಇದೆಯಾ?"

"ಯಾಕೆ? ಅದನ್ನೂ ಮಣ್ಣುಪಾಲು ಮಾಡೋಕಾ?"

"ಉಹೂಂ... ಮೊದಲಿಂದು ಯಾವುದರಲ್ಲಿ ಕರಗಿಸಿ ಕಳಿಸಿದ್ರಿ?"

"ಡಿಎಂಎಸ್‌ಓದಲ್ಲಿ. ನೀರಲ್ಲಿ ಬೇಗ ಕರಗಲ್ಲ. ಎಲ್ರೂ ಅದರಲ್ಲೇ ತಾನೇ..."

ಅವಳ ಮುಖ ಬಿಳಿಚಿಕೊಂಡಿತು. ಏನನ್ನು ಹಾಕಿದರೂ ಕರಗಿಸುವ ಆ ದ್ರವ, ಪ್ಲಾಟಿನಮ್ಮನ್ನು ತಾನೇ ಗಟ್ಟಿಯಾಗಿ ತಬ್ಬಿಕೊಂಡುಬಿಡುತ್ತದೆ. ಆಮೇಲೆ ಡಿಎನ್‌ಎಗೆ ಜಾಗವೆಲ್ಲಿ?

ಅಯ್ಯೋ, ಅವಸರಕ್ಕೆ ಬಿದ್ದು ನನ್ನ ಬೆಳೆಗೆ ನಾನೇ ಬೆಂಕಿ ಇಟ್ಟೆನಲ್ಲ!

"ನನಗೂ ನಿನ್ನೆ ಹೊಳೀಲಿಲ್ಲ. ಬನ್ನಿ, ಬರೀ ನೀರಲ್ಲಿ ನೋಡೋಣ," ಎಂದ ಅವನು. ಅಷ್ಟೇ.

ಉಪ್ಪಿಲ್ಲದ ಬೆಚ್ಚನೆಯ ನೀರು. ಹರಳು ಕರಗುವವರೆಗೂ ಅವನು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಕರಗಿದ ಮೇಲೂ ಇನ್ನಷ್ಟು ಹೊತ್ತು ಅವಳನ್ನು ಕಾಯಿಸಿದ.

"ಈ ಪ್ಲಾಟಿನಂ ಹೊತ್ತಿರೋ ಎರಡು ಕ್ಲೋರೈಡನ್ನ ಇಳಿಸ್ಕೋಬೇಕು, ನೀರಲ್ಲಿ ಉಪ್ಪಿದ್ರೆ ಇಳಿಸಲ್ಲ. ಆಗಲೇ ಗ್ವಾನೀನ್ ಹತ್ರ ಹೋಗೋದು. ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ ಇದಕ್ಕೆ ಅದೇ ಬೇಕು, ನೋಡಿ!"

ಇಷ್ಟು ಮಾತು ಇವನೊಳಗಿತ್ತೇ? ಪೈರಿಗೆ ನೀರು ಹಾಯಿಸುವ ರೈತನಂತೆ, ಒಂದು ತೊಟ್ಟೂ ಆಚೀಚೆ ಹೋಗದಂತೆ ಡಿಎನ್‌ಎ ಬಿಡುತ್ತಿದ್ದ ಆ ಕೈಗಳ ಮೇಲಿಂದ ಅವಳ ಕಣ್ಣು ಕದಲಲಿಲ್ಲ.

ಪರದೆಯ ಮೇಲಿನ ಗೆರೆ ಸ್ವಲ್ಪ ತಗ್ಗಿತು. ಇನ್ನಷ್ಟು ತಗ್ಗಿ, ಪಕ್ಕಕ್ಕೆ ಸರಿಯಿತು.

"ಹಿಡೀತು..." ಅವಳ ಕಣ್ಣುಗಳು ತುಂಬಿ ಬಂದವು. "ನಾನು ಅಷ್ಟೆಲ್ಲ ಅಂದ್ರೂ ಯಾಕೆ ಮತ್ತೆ ಬಂದ್ರಿ?"

ಅವನು ಕಿವಿಯವರೆಗೂ ಕೆಂಪಾದ.

"ಆ ಹರಳನ್ನ ನೋಡ್ಬೇಕು ಅನ್ನಿಸ್ತು... ಬೆಳೆಸಿದೋರನ್ನೂ ಇನ್ನೊಮ್ಮೆ."

ಅವಳು ಸೆರಗಿನಂಚಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಸೋಮವಾರ ಮೇಡಂಗೆ ತಪ್ಪು ನಂದೇ ಅಂತ ಹೇಳ್ತೀನಿ. ಆಮೇಲೆ... ಮಂಗಳವಾರ ಇಲ್ಲಿಗೆ ಬರಲಾ?"

"ಅಳೆಯೋಕೆ ಏನಾದ್ರೂ ಇದೆಯಾ?"

"ಏನೂ ಇಲ್ಲ."

ಅವನು ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಎಳೆದು ತನ್ನ ಪಕ್ಕಕ್ಕಿಟ್ಟ.

"ಮಂಗಳವಾರದವರೆಗೆ ಯಾಕೆ? ಈಗಲೇ ಕೂತ್ಕೊಳ್ಳಿ."