ಮೂಲೆಯ ತುಂಡು

"ಪರವಾಗಿಲ್ಲ," ಅಂದ ರೂಫಸ್, ಕಾರ್ನ್‌ಬ್ರೆಡ್ಡಿನ ತುಂಡನ್ನು ಬಾಯಲ್ಲಿ ಆ ದವಡೆಯಿಂದ ಈ ದವಡೆಗೆ ಹೊರಳಿಸುತ್ತ. "ಚೆನ್ನಾಗೇ ಇದೆ. ಆದ್ರೆ ನಮ್ಮ ಜೀನಿ ಕೈರುಚಿ ಅಲ್ಲ."

ಚರ್ಚಿನ ಊಟದ ಮೇಜಿನ ಸುತ್ತ ಕುಳಿತವರೆಲ್ಲ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಏಕೆಂದರೆ ಅದನ್ನು ಮಾಡಿ ತಂದವಳು ಜೀನಿಯೇ. ಅವನ ಎದುರಿಗೇ, ಹಳದಿ ಟೋಪಿ ಇಟ್ಟುಕೊಂಡು ಕುಳಿತಿದ್ದಳು. ಬೆಳಿಗ್ಗೆ ಎದ್ದು, ತಾಯಿಯ ದುಂಡು ಕಬ್ಬಿಣದ ಬಾಣಲೆಯನ್ನು ಕಾಯಿಸಿ, ಮೆಕ್ಕೆಜೋಳದ ಹಿಟ್ಟಿಗೆ ಮಜ್ಜಿಗೆ ಬೆರೆಸಿ, ಒಂದು ಚಿಟಿಕೆ ಸಕ್ಕರೆಯನ್ನೂ ಸೋಕಿಸದೆ, ಹಿಂದೆ ಹೇಗೆ ಮಾಡುತ್ತಿದ್ದಳೋ ಹಾಗೆಯೇ ಮಾಡಿದ್ದಳು.

"ಯಾರು ಮಾಡಿದ್ದು ಇದು?" ರೂಫಸ್ ಕೇಳಿದ.

ಪಕ್ಕದಲ್ಲಿದ್ದ ಗೆಳತಿ ಅರ್ನೆಸ್ಟೀನ್ ಬಾಯಿ ತೆರೆದಳು. ಮೇಜಿನ ಕೆಳಗೆ ಅವಳ ಕಾಲನ್ನು ಒತ್ತಿ, "ಅಂಗಡೀದು," ಅಂದುಬಿಟ್ಟಳು ಜೀನಿ.

ಊರಿಗೆ ಮರಳಿದವರ ಭಾನುವಾರದ ಊಟಕ್ಕೆ ಅಂಗಡಿಯ ಕಾರ್ನ್‌ಬ್ರೆಡ್ ತರುವವರು ದಕ್ಷಿಣದ ಪುಟ್ಟ ಊರು ಕ್ಲಾರ್ಕ್ಸ್‌ಡೇಲಿನಲ್ಲಿ ಇನ್ನೂ ಹುಟ್ಟಿಲ್ಲ. ಅರ್ನೆಸ್ಟೀನಳಿಗೆ ಕೆಮ್ಮು ಬಂತು.

ಊರವರಿಗೆಲ್ಲ ಜೀನಿ ಮಿಸ್ ಇಮೋಜೀನ್, ಮೂರನೆಯ ತರಗತಿಯ ಟೀಚರ್. ಜೀನಿ ಎಂದು ಕರೆಯುವವನು ಒಬ್ಬನೇ ಇದ್ದ. ಅವನು ನಲವತ್ತು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಉತ್ತರದ ಡೆಟ್ರಾಯಿಟಿನ ರೈಲು ಹತ್ತಿದ್ದ. ಆಗೆಲ್ಲ ನಮ್ಮ ಕಪ್ಪು ಜನ ರೈಲಿನ ಊಟದ ಬೋಗಿಗೆ ಕಾಲಿಡುವಂತಿರಲಿಲ್ಲ. ಹೊರಟವರ ಕೈಗೆ ಮನೆಯವರು ಶೂ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಡುತ್ತಿದ್ದರು. ರೂಫಸ್‌ಗೆ ಕಟ್ಟಿಕೊಟ್ಟವಳು ಇವಳು. ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಕಾರ್ನ್‌ಬ್ರೆಡ್. "ನೀನು ಮನೆ ಮಾಡು, ನಾನು ಬರ್ತೀನಿ," ಎಂದಿದ್ದಳು. ಆ ಚಳಿಗಾಲ ತಾಯಿಗೆ ಲಕ್ವ ಹೊಡೆಯಿತು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೋಗಲಾಗಲಿಲ್ಲ. ಅವನು ಕಾದ, ಕಾದ, ಆಮೇಲೆ ಡೆಲ್ಫೀನ್ ಎಂಬವಳನ್ನು ಮದುವೆಯಾದ. ಯಾರದೂ ತಪ್ಪಿಲ್ಲ. ತಪ್ಪಿಲ್ಲದ್ದಕ್ಕೇ ಅದು ಮಾಯಲೂ ಇಲ್ಲ.

ಈಗ ಡೆಲ್ಫೀನ್ ತೀರಿಕೊಂಡು ಎರಡು ವರ್ಷ. ತಲೆ ಬೆಳ್ಳಗಾದ ರೂಫಸ್ ದೊಡ್ಡ ನೀಲಿ ಕಾರಿನಲ್ಲಿ ಊರಿಗೆ ಬಂದಿದ್ದ. ಊಟವಾದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ಹೇಳಿದ:

"ಜೀನಿ, ಆ ಡಬ್ಬಿ ರುಚಿ ಇನ್ನೂ ನಾಲಿಗೆ ಮೇಲಿದೆ ಕಣೇ. ಜೀವನವಿಡೀ ಅದನ್ನೇ ಹುಡುಕಿದ್ದೀನಿ. ಬಾ ನನ್ ಜೊತೆ. ದಾರಿ ಉದ್ದಕ್ಕೂ ನಮ್ಮವರ ಮನೆಯಡುಗೆ ಥರದ ಸೋಲ್ ಫುಡ್ ಹೋಟೆಲುಗಳಲ್ಲಿ ಉಣ್ತಾ ಉಣ್ತಾ ಡೆಟ್ರಾಯಿಟಿಗೆ ಹೋಗೋಣ. ಆ ರುಚಿ ಎಲ್ಲಿ ಸಿಗುತ್ತೋ ಆ ಊರಲ್ಲೇ ಮದುವೆ."

"ಎಲ್ಲೂ ಸಿಗದಿದ್ರೆ?"

"ಸಿಗದಿದ್ರೆ ಡೆಟ್ರಾಯಿಟಿನಲ್ಲಿ ಮದುವೆ."

ಅವಳು ಹೂಂ ಅನ್ನಲಿಲ್ಲ. ಆದರೆ ಮನೆಗೆ ಹೋಗಿ ಸೂಟ್‌ಕೇಸ್ ಇಳಿಸಿದಳು.

"ಬೇರೆ ಬೇರೆ ರೂಮು ತಾನೇ?" ಅರ್ನೆಸ್ಟೀನ್ ಬಾಗಿಲಿಗೆ ಅಡ್ಡ ನಿಂತಳು.

"ಬೇರೆ ಬೇರೆ ರೂಮೇ ಕಣೇ ತಾಯಿ."

"ಹಾಗಾದ್ರೆ ಈ ಹೊಸ ನೈಟಿ ಯಾರಿಗೆ ತೋರಿಸೋಕೆ? ಗೋಡೆಗಾ?"

ಇಮೋಜೀನ್ ನಕ್ಕಳು. ನಗುವಾಗಲೂ ಒಳಗೊಂದು ಮುಳ್ಳು ಆಡುತ್ತಿತ್ತು. ನನ್ನ ಕೈ ಎಲ್ಲಿ ಕೆಟ್ಟಿತು? ಹಿಟ್ಟು ಬದಲಾಯಿತೋ, ಮಜ್ಜಿಗೆ ಬದಲಾಯಿತೋ, ನಾನೇ ಬದಲಾದೆನೋ?

ಮೆಂಫಿಸಿನಲ್ಲಿ ಸೊಪ್ಪು ಗೆದ್ದಿತು. ಟರ್ಕಿ ಕೋಳಿಯ ಕತ್ತಿನ ಮೂಳೆ ಹಾಕಿ ಕುದಿಸಿದ್ದ ಸೊಪ್ಪು. ಅದರ ಕಟ್ಟನ್ನು ರೂಫಸ್ ಬಟ್ಟಲೆತ್ತಿ ಕುಡಿದ. ಕಾರ್ನ್‌ಬ್ರೆಡ್ ಬಂದಾಗ ಮಾತ್ರ ಒಂದು ಕಚ್ಚು ಕಚ್ಚಿ ಮುಖ ಕಿವುಚಿದ.

"ಸಕ್ಕರೆ! ದಕ್ಷಿಣದವರೂ ಶುರು ಹಚ್ಕೊಂಡ್ರಾ? ಇದು ಬ್ರೆಡ್ ಅಲ್ಲ, ಹುಟ್ಟುಹಬ್ಬದ ಕೇಕು. ಪಾಪ ಬರುತ್ತೆ ಇವರಿಗೆ."

"ಪಾಪ ಅನ್ನೋನು ಜೇನಿನ ಬಾಟ್ಲಿ ಯಾಕೆ ಎತ್ಕೊಂಡೆ?"

ಅವನು ತನ್ನ ಕೈ ನೋಡಿಕೊಂಡ. ನಿಜಕ್ಕೂ ಜೇನಿನ ಬಾಟ್ಲಿ ಅಲ್ಲಿತ್ತು. "ಗಂಟಲು ಕಟ್ಟಿದೆ," ಅಂದ.

"ಗಂಟಲಿಗೆ ಹಚ್ಚೋದು ಬಿಟ್ಟು ಬ್ರೆಡ್ಡಿಗೆ ಹಚ್ತಿದ್ದೀಯಲ್ಲ."

"ಟೀಚರಮ್ಮ, ಮೂರನೇ ಕ್ಲಾಸ್ ಮುಗಿಸಿ ಬಹಳ ದಿನ ಆಯ್ತು ನಂಗೆ. ಬಿಟ್ಬಿಡಿ."

ಬರ್ಮಿಂಗ್‌ಹ್ಯಾಮಿನಲ್ಲಿ ಅಲಸಂದೆ ಕಾಳು ಚೆನ್ನಾಗಿತ್ತು, ಬೆಂಡೆಕಾಯಿ ಲೋಳೆಯಾಗಿತ್ತು. ಅಲ್ಲಿನ ಹುಡುಗಿ, ಅವರ ಮೊಮ್ಮಗಳ ವಯಸ್ಸಿನವಳು, ಇಬ್ಬರನ್ನೂ "ಕಂದಾ" ಎಂದೇ ಕರೆದಳು. ಇಮೋಜೀನ್ ಶಾಲು ಎಳೆದುಕೊಂಡಿದ್ದನ್ನು ಕಂಡು, ಕೇಳದೆಯೇ ಸೊಪ್ಪಿನ ಬಿಸಿ ಕಟ್ಟನ್ನು ಕಪ್ಪಿನಲ್ಲಿ ತಂದಿಟ್ಟು ಹೋದಳು. ಅಲ್ಲಿಯ ಕಾರ್ನ್‌ಬ್ರೆಡ್ಡಿನಲ್ಲಿ ಸಕ್ಕರೆಯಿರಲಿಲ್ಲ. ಬಾಣಲೆಯದೇ, ಅಂಚು ಗರಿಗರಿ. ರೂಫಸ್ ಅರ್ಧ ತಿಂದು, "ಪರವಾಗಿಲ್ಲ. ಆದ್ರೆ ಅದಲ್ಲ," ಅಂದ.

ಅಟ್ಲಾಂಟಾದಲ್ಲಿ ಗಡ್ಡದ ಅಡುಗೆಯವನೊಬ್ಬ ದೊಡ್ಡ ತಟ್ಟೆಯ ನಡುವೆ ಇಷ್ಟೇ ಇಷ್ಟು ಗೆಣಸು ಇಟ್ಟು, ಮೇಲೆ ನೇರಳೆ ಹೂವಿಟ್ಟು ಕಳಿಸಿದ್ದ.

"ಹೂ ಇಟ್ಟಿದ್ದಾರೆ ಕಣೇ," ರೂಫಸ್ ಪಿಸುಗುಟ್ಟಿದ. "ಯಾರು ತೀರ್ಕೊಂಡ್ರು?"

ಇಮೋಜೀನ್ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಾಗ, ಅವನು ತನ್ನನ್ನೇ ನೋಡುತ್ತಿರುವುದು ತಿಳಿಯಿತು. ಖಾರದ ಬಾಟ್ಲಿಯ ಬಾಯನ್ನು ತನ್ನ ನ್ಯಾಪ್ಕಿನ್ನಿನಿಂದ ಒರೆಸಿ ಅವಳತ್ತ ಸರಿಸಿದ. ಪ್ರತಿ ಊರಲ್ಲೂ ಹಾಗೆ ಮಾಡುತ್ತಿದ್ದ. ಮೀನಿನ ಮುಳ್ಳು ತೆಗೆದು ಕೊಡುತ್ತಿದ್ದ. ನಡೆಯುವಾಗ ರಸ್ತೆಯ ಬದಿಗೆ ತಾನಿರುತ್ತಿದ್ದ. ಎಷ್ಟು ಚೆನ್ನಾಗಿ ಪಳಗಿದ ಗಂಡು, ಎಂದುಕೊಂಡಳು ಅವಳು. ಯಾರು ಪಳಗಿಸಿದರು ಎಂದು ಕೇಳಿಕೊಳ್ಳಲಿಲ್ಲ. ಆ ದಿನ ಹೋಟೆಲಿನ ಮೊಗಸಾಲೆಯಲ್ಲಿ ಅವನು ಅವಳ ಕೈ ಹಿಡಿದು ಸ್ವಲ್ಪ ಹೊತ್ತು ನಿಂತ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಡೆಟ್ರಾಯಿಟ್ ತಲುಪುವ ಹೊತ್ತಿಗೆ ಹೂಂ ಅನ್ನಬೇಕೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು.

ಸಿನ್ಸಿನಾಟಿಯಲ್ಲಿ, ನದಿ ದಾಟಿದ ಕೂಡಲೇ, ಮಿಸ್ ಪರ್ಲೀ ಎಂಬಾಕೆಯ ಸಣ್ಣ ಹೋಟೆಲು. ಭಾನುವಾರ ಮಧ್ಯಾಹ್ನ, ಚರ್ಚು ಬಿಟ್ಟ ಹೊತ್ತು. ಗೋಡೆಯ ಮೇಲಿನ ಟೀವಿಯಲ್ಲಿ ಬೇಸ್‌ಬಾಲ್ ಆಟ. ಮಿಸ್ ಪರ್ಲೀ ಕಾರ್ನ್‌ಬ್ರೆಡ್ಡನ್ನು ಚೌಕದ ಪ್ಯಾನಿನಲ್ಲೇ ತಂದು ಮೇಜಿನ ಮಧ್ಯೆ ಇಟ್ಟಳು. ಮೇಲೆ ಬೆಣ್ಣೆ ಹೊಳೆಯುತ್ತಿತ್ತು.

"ನೀವೇ ಕೊಯ್ಕೊಳ್ಳಿ ಕಂದಾ. ಬಿಸಿ ಇದೆ, ಬೆರಳು ಜೋಪಾನ."

ವಾಸನೆಯಲ್ಲೇ ಸಕ್ಕರೆ ಗೊತ್ತಾಗುತ್ತಿತ್ತು. ಇವತ್ತಿನ ಬೈಗುಳಕ್ಕೆ ಇಮೋಜೀನ್ ನಗು ಸಿದ್ಧಮಾಡಿಟ್ಟುಕೊಂಡಳು. ಬೈಗುಳ ಬರಲಿಲ್ಲ. ರೂಫಸ್ ಯಾವುದೋ ರಾಗ ಗುನುಗುತ್ತ ಚಾಕು ತೆಗೆದುಕೊಂಡ. ಪ್ಯಾನಿನ ಮೂಲೆಯ ತುಂಡನ್ನು, ಎರಡು ಬದಿ ಕೆಂಪಗೆ ಗರಿಯಾದದ್ದನ್ನು, ನಾಜೂಕಾಗಿ ಬಿಡಿಸಿ ಅವಳ ತಟ್ಟೆಗಿಟ್ಟ.

"ತಗೋ, ನಿನ್ ಮೂಲೆ."

ಆಮೇಲೆ ತಾನೊಂದು ತುಂಡು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಇಷ್ಟು ಊರುಗಳಲ್ಲಿ ಅವನ ಮುಖ ಹಾಗೆ ಸಡಿಲವಾಗಿದ್ದನ್ನು ಅವಳು ಕಂಡಿರಲಿಲ್ಲ. ಹೊರಗಿನಿಂದ ಬಂದವನು ಚಪ್ಪಲಿ ಬಿಟ್ಟು ಒಳಗೆ ಕುಳಿತಂತಿತ್ತು.

"ಯಾರ ಮೂಲೆ ರೂಫಸ್?" ಮೆಲ್ಲಗೆ ಕೇಳಿದಳು.

"ನಿಂದೇ. ಮೂಲೆ ಬಿಟ್ಟು ನೀನು ಯಾವತ್ತು ಬೇರೆ ತುಂಡು ಮುಟ್ಟಿದ್ದೀಯ? ಮದುವೆಯಾದಾಗಿನಿಂದ ನಂಗೊಂದು ಮೂಲೆ..."

ಮಾತು ಅಲ್ಲೇ ನಿಂತಿತು. ಚಾಕು ಅವನ ಕೈಯಲ್ಲೇ ಇತ್ತು.

ಅವಳ ಕಾರ್ನ್‌ಬ್ರೆಡ್ಡಿಗೆ ಯಾವತ್ತೂ ಮೂಲೆಯಿರಲಿಲ್ಲ. ದುಂಡು ಬಾಣಲೆಗೆ ಮೂಲೆಯೆಲ್ಲಿ?

ರೂಫಸ್ ಚಾಕು ಕೆಳಗಿಟ್ಟ. ಆಮೇಲೆ ಆ ದೊಡ್ಡ ಹೆಗಲುಗಳು ಅಲುಗಿದವು. ಮಿಸ್ ಪರ್ಲೀ ದೂರದಿಂದ ನೋಡಿದಳು. ಯಾರೂ ಹೇಳದೆಯೇ ಟೀವಿಯ ಸದ್ದು ಅಡಗಿಸಿದಳು. ಬಂದು, ಒಂದು ಹಿಡಿ ನ್ಯಾಪ್ಕಿನ್ ಇಟ್ಟು, ಅವನ ಮೊಣಕೈ ತಾಗದಂತೆ ನೀರಿನ ಲೋಟವನ್ನು ಆಚೆ ಸರಿಸಿ, ಏನೂ ಕೇಳದೆ ಹಿಂದಿರುಗಿದಳು.

"ಸಕ್ಕರೆ ಹಾಕ್ತಿದ್ಲಾ ಡೆಲ್ಫೀನ್?" ಇಮೋಜೀನ್ ಕೇಳಿದಳು.

"ಧಾರಾಳವಾಗಿ. ದಿನಾ ಬೈತಿದ್ದೆ."

"ದಿನಾ ತಿಂತಿದ್ದೆ."

"ದಿನಾ." ಅವನು ಮೂಗೊರೆಸಿಕೊಂಡ. "ಅವಳು ಹೋದ ದಿನ ಆ ಪ್ಯಾನು ಓವನ್ ಒಳಗಿತ್ತು ಜೀನಿ. ಈಗ್ಲೂ ಅಲ್ಲೇ ಇದೆ. ನಾನು ಆ ಬಾಗಿಲು ತೆಗೆದೇ ಇಲ್ಲ. ಎಲ್ರೂ ಬಂದ್ರು, ಅಡುಗೆ ತಂದ್ರು, ಎಲ್ರನ್ನೂ ನಗಿಸಿ ಕಳಿಸ್ದೆ. ಆ ಅಡುಗೆಮನೇಲಿ ಒಬ್ಬನೇ ನಿಲ್ಲೋಕಾಗ್ಲಿಲ್ಲ. ಊರಿಗೆ ಹೋದ್ರೆ, ನಿನ್ ರುಚಿ ಸಿಕ್ಕಿದ್ರೆ, ಎಲ್ಲಾ ಸರಿಹೋಗುತ್ತೆ ಅಂದ್ಕೊಂಡೆ. ಸುಳ್ಳು ಹೇಳ್ಲಿಲ್ಲ ಕಣೇ ನಿಂಗೆ."

"ಗೊತ್ತು ಕಣೋ."

ಗೊತ್ತಿತ್ತು. ನೋವು ಇದ್ದದ್ದೂ ಅಲ್ಲೇ. ಚರ್ಚಿನ ಊಟದ ದಿನ ಅವಳ ಕೈ ಕೆಟ್ಟಿರಲಿಲ್ಲ. ಅವನ ನಾಲಿಗೆ ಇನ್ನೊಬ್ಬಳ ಮನೆಯದಾಗಿತ್ತು. ಇಷ್ಟು ವರ್ಷ ಕ್ಲಾರ್ಕ್ಸ್‌ಡೇಲಿನ ಸಂಜೆಗಳಲ್ಲಿ, ಮಜ್ಜಿಗೆಗೆ ಕಾರ್ನ್‌ಬ್ರೆಡ್ ಪುಡಿಮಾಡಿ ಹಾಕಿಕೊಂಡು ಒಬ್ಬಳೇ ಉಣ್ಣುವಾಗ, ದೂರದಲ್ಲಿ ಎಲ್ಲೋ ಒಬ್ಬ ಗಂಡಸು ತನ್ನ ಕೈರುಚಿಗಾಗಿ ಹಸಿದಿದ್ದಾನೆ ಎಂಬ ನಂಬಿಕೆ ಅವಳ ಜೊತೆ ಕೂತು ಉಣ್ಣುತ್ತಿತ್ತು. ಅವನು ಹಸಿದಿರಲಿಲ್ಲ. ಹೊಟ್ಟೆ ತುಂಬ ಉಂಡಿದ್ದ. ಪ್ರೀತಿಯಿಂದ ಬಡಿಸಿದ್ದನ್ನೇ ಉಂಡಿದ್ದ. ಅದಕ್ಕೆ ಹೊಟ್ಟೆಕಿಚ್ಚುಪಡಲೂ ಅವಳಿಗೆ ಬರಲಿಲ್ಲ. ಎದೆಯಲ್ಲಿ ಒಂದು ಕುರ್ಚಿ ಖಾಲಿಯಾದಂತಾಯಿತು, ಅಷ್ಟೇ.

ತಟ್ಟೆಯಲ್ಲಿದ್ದ ಮೂಲೆಯ ತುಂಡನ್ನು ಎತ್ತಿ ಅವನ ತಟ್ಟೆಗಿಟ್ಟಳು.

"ಇದು ನಂದಲ್ಲ ರೂಫಸ್."

"ಹಾಗಂದ್ರೆ... ಡೆಟ್ರಾಯಿಟ್?"

"ನೀನು ಹೋಗು. ಹೋಗಿ ಓವನ್ ಬಾಗಿಲು ತೆಗಿ. ಆ ಪ್ಯಾನು ತೊಳಿ. ಅವಳಿಗೋಸ್ಕರ ಎಷ್ಟು ಅಳಬೇಕೋ ಅಷ್ಟು ಅಲ್ಲೇ ನಿಂತು ಅಳು."

"ನೀನೂ ಬಾ. ಮೆಲ್ಲಗೆ ಮರೀತೀನಿ."

"ಮರೀಬೇಡ. ಅಂಥವಳನ್ನ ಯಾರಾದ್ರೂ ಮರೀತಾರಾ?" ಅವಳು ನ್ಯಾಪ್ಕಿನ್ನನ್ನು ಮಡಿಸಿಟ್ಟಳು. "ಇನ್ನೊಬ್ಬಳ ಮೂಲೇಲಿ ಕೂತು ಉಣ್ಣೋಕೆ ನನ್ ಕೈಲಿ ಆಗಲ್ಲ ಕಣೋ. ಇಪ್ಪತ್ತರಲ್ಲಾಗಿದ್ರೆ ಜಗಳವಾಡಿ ಜಾಗ ಮಾಡ್ಕೋತಿದ್ದೆ."

ಅವನು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ. ಮೂಲೆಯ ಆ ತುಂಡನ್ನು ತಿಂದ. ಅವಳು ನೋಡುತ್ತ ಕುಳಿತಳು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳ ಸೂಟ್‌ಕೇಸನ್ನು ಅವನೇ ಹೊತ್ತು ತಂದ. ಕಂಕುಳಲ್ಲಿ ಒಂದು ಡಬ್ಬಿಯಿತ್ತು, ಸುತ್ತ ಬಿಳಿ ದಾರ.

"ಶೂ ಡಬ್ಬಿ ಎಲ್ಲಿ ಸಿಕ್ತೋ?"

"ಮಿಸ್ ಪರ್ಲೀ ಮೊನ್ನೆ ಹೊಸ ಚಪ್ಪಲಿ ತಗೊಂಡಿದ್ಲಂತೆ. ನಿನ್ ಪುಣ್ಯ." ನಗಲು ನೋಡಿದ. ಅವಳು ಬಸ್ಸು ಹತ್ತಿ ಕಿಟಕಿಯ ಬಳಿ ಕುಳಿತ ಮೇಲೆ ಕೆಳಗಿನಿಂದ ಕತ್ತೆತ್ತಿ ಕೇಳಿದ, "ಜೀನಿ, ಊರಲ್ಲಿದ್ದಾಗ ಒಂದೇ ಒಂದ್ಸಲ ನೀನು ಮಾಡಿ ಕೊಡಬಹುದಿತ್ತಲ್ಲೇ?"

ಅಂಗಡಿಯದು ಎಂದದ್ದು ಸುಳ್ಳು, ಅದನ್ನು ಮಾಡಿದವಳು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೆಳಗೆ ನಿಂತವನ ಕಣ್ಣು ಇನ್ನೂ ಊದಿಕೊಂಡಿತ್ತು. ಅವನಿಗೆ ಹೊರಲು ಒಂದು ಹೊರೆ ಸಾಕಾಗಿತ್ತು.

"ನನ್ ಕೈ ಹೋಯ್ತು ಕಣೋ," ಅಂದಳು. "ವಯಸ್ಸಾಯ್ತಲ್ಲ."

ಬಸ್ಸು ಹೊರಟಿತು. ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತಿದ್ದ, ಹಿಂದೊಮ್ಮೆ ರೈಲಿನ ಪಕ್ಕ ಅವಳು ನಿಂತಿದ್ದಂತೆ.

ಸೇತುವೆಯ ಮೇಲೆ, ನದಿ ಕಾಣಿಸಿದಾಗ, ದಾರ ಬಿಚ್ಚಿದಳು. ಕರಿದ ಕೋಳಿ. ಬೇಯಿಸಿದ ಮೊಟ್ಟೆ. ಬಟ್ಟೆಯಲ್ಲಿ ಸುತ್ತಿದ ಕಾರ್ನ್‌ಬ್ರೆಡ್, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಬಿಡಿಸಿ ನೋಡಿದಳು. ತುಂಡಿನ ಹೊರ ಅಂಚು ದುಂಡಗೆ ಬಾಗಿತ್ತು.

ಯಾವ ಬಾಣಲೆ ಹುಡುಕಿಸಿದನೋ, ಬೆಳಗಾಗುವ ಮೊದಲೇ ಮಿಸ್ ಪರ್ಲೀಯನ್ನು ಎಷ್ಟು ಕಾಡಿ ಬೇಡಿದನೋ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಸಕ್ಕರೆ ಇರಲಿಲ್ಲ.

ಪಕ್ಕದ ಸೀಟಿನ ಹೆಂಗಸು ವಾಸನೆಗೆ ತಿರುಗಿದಳು. "ಮನೇದಾ ಅಮ್ಮಾ? ಚೆನ್ನಾಗಿದ್ಯಾ?"

"ಪರವಾಗಿಲ್ಲ," ಅಂದಳು ಇಮೋಜೀನ್. ತುಂಡನ್ನು ಎರಡಾಗಿ ಮುರಿದು ಅರ್ಧವನ್ನು ಆ ಹೆಂಗಸಿಗೆ ಕೊಟ್ಟು, ಉಳಿದದ್ದನ್ನು ಒಂದು ಪುಡಿಯೂ ಬೀಳದಂತೆ, ಹೊಳೆ ದಾಟುವವರೆಗೂ ನಿಧಾನವಾಗಿ ತಿಂದಳು.