ಗಾಳಿ ನಿಲ್ಲದ ಕೋಣೆ

ಮೊದಲು ಕಂಡದ್ದು ಕಣ್ಣು. ಅದರಲ್ಲಿ ಆಶ್ಚರ್ಯವೇನಿಲ್ಲ. ಚಿಪ್ ತಯಾರಾಗುವ ಆ ಹಳದಿ ದೀಪದ ಕೋಣೆಯಲ್ಲಿ ಯಾರದ್ದೂ ಕಣ್ಣಿಗಿಂತ ಹೆಚ್ಚು ಕಾಣುವುದಿಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಮೂಗು ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್. ಹೆತ್ತ ತಾಯಿಯೇ ಎದುರು ಬಂದರೂ ನಡಿಗೆ ನೋಡಿ ಗುರುತು ಹಿಡಿಯಬೇಕು.

ಅವಳ ಕೆಲಸ ಧೂಳು ಎಣಿಸುವುದು. ನಗಬೇಡಿ, ಅದಕ್ಕೂ ಸಂಬಳ ಕೊಡುತ್ತಾರೆ. ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು ಅದರ ಮೂತಿಯನ್ನು ಮೂಲೆಮೂಲೆಗೆ ತೋರಿಸುತ್ತ ಹೋದರೆ, ಅಲ್ಲಿನ ಗಾಳಿಯಲ್ಲಿ ಎಷ್ಟು ಕಣ ಇದೆ ಎಂದು ಅದು ಹೇಳುತ್ತದೆ. ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ವೇಫರ್ ನೋಡುವುದಕ್ಕೆ ಹೊಳೆಯುವ ತಟ್ಟೆ, ಸ್ವಭಾವದಲ್ಲಿ ಬಲು ಮಡಿವಂತ. ಕಣ್ಣಿಗೆ ಕಾಣದ ಒಂದು ಕಣ ಮೇಲೆ ಕೂತರೂ ಅಷ್ಟು ಜಾಗದ ಚಿಪ್ ಕೆಟ್ಟಿತೆಂದೇ ಲೆಕ್ಕ. ಮನುಷ್ಯನೋ ನಡೆದಾಡುವ ಧೂಳಿನ ಮೂಟೆ. ಸೂಟು ತೊಟ್ಟರೂ ಸರಿಯೇ, ಒಬ್ಬರು ಪಕ್ಕಕ್ಕೆ ಬಂದರೆ ಯಂತ್ರದ ಅಂಕಿ ಏರಿಯೇ ಏರುತ್ತದೆ. ಹಾಗಾಗಿ ಎಲ್ಲರೂ ಅವಳನ್ನು ಧೂಳಮ್ಮ ಎನ್ನುತ್ತಿದ್ದರು, ಅವಳು ಬಂದರೆ ದೂರ ಸರಿಯುತ್ತಿದ್ದರು.

ಅವನು ಸರಿಯಲಿಲ್ಲ. ಕೊನೆಯ ಸಾಲಿನ ಯಂತ್ರಕ್ಕೆ ಕಿವಿಗೊಟ್ಟು, ನಿದ್ದೆ ಹೋದ ಮಗುವಿನ ಉಸಿರು ಕೇಳುವವನ ಹಾಗೆ ನಿಂತಿದ್ದ. ರಿಪೇರಿಯವನಿರಬೇಕು ಎಂದುಕೊಂಡಳು. ಚಾವಣಿಯ ತುಂಬ ಫ್ಯಾನುಗಳ ಮೊರೆತ. ಆ ಕೋಣೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು.

"ರೀ, ಸ್ವಲ್ಪ ಆಚೆ ಹೋಗ್ತೀರಾ? ನೀವು ನಿಂತ್ರೆ ನನ್ ಲೆಕ್ಕ ಕೆಡುತ್ತೆ."

"ಕೆಡಲ್ಲ. ನೋಡಿ ಬೇಕಾದ್ರೆ."

ನೋಡಿದಳು. ಸೊನ್ನೆ. ಯಂತ್ರವನ್ನು ಅವನ ತೋಳಿನ ಹತ್ತಿರ ಒಯ್ದಳು, ಎದೆಯ ಹತ್ತಿರ ಒಯ್ದಳು. ಸೊನ್ನೆ.

"ಅಷ್ಟೊಂದು ಕ್ಲೀನಾ ನೀವು?"

"ನಮ್ಮಮ್ಮ ಇದನ್ನ ಕೇಳಿದ್ರೆ ಬಿದ್ದು ಬಿದ್ದು ನಗ್ತಿದ್ಳು."

ಅವನ ಕಣ್ಣು ನಕ್ಕಿತು. ಎರಡೂ ಒಟ್ಟಿಗಲ್ಲ; ಬಲಗಣ್ಣು ಮೊದಲು, ಎಡಗಣ್ಣು ಆಮೇಲೆ, ಅಪ್ಪಣೆ ಕೇಳಿಕೊಂಡು ಬಂದಂತೆ. ಅವಳು ಯಂತ್ರ ಕೆಟ್ಟಿದೆಯೆಂದು ಪರೀಕ್ಷೆಗೆ ಕಳಿಸಿದಳು. ಏನೂ ಕೆಟ್ಟಿಲ್ಲ ಎಂದು ಅದು ವಾಪಸು ಬಂತು. ಅಷ್ಟರಲ್ಲಿ ಕೆಟ್ಟದ್ದು ಅವಳ ನಿದ್ದೆ.

ಆಮೇಲೆ ಕೊನೆಯ ಸಾಲಿನಲ್ಲಿ ಧೂಳು ಎಣಿಸುವುದಕ್ಕೆ ತುಂಬ ಹೊತ್ತು ಹಿಡಿಯತೊಡಗಿತು. ಬರೀ ಕಣ್ಣಿನಲ್ಲಿ ಎಷ್ಟು ಮಾತಾಡಬಹುದು ಎಂದು ಅಲ್ಲಿ ದುಡಿದವರಿಗೆ ಗೊತ್ತು. ಅವಳು ಹುಬ್ಬು ಗಂಟಿಕ್ಕಿದರೆ ಅವನು ರೆಪ್ಪೆ ಇಳಿಸಿ ತಪ್ಪೊಪ್ಪುತ್ತಿದ್ದ. ಅವಳು ಬೇಕೆಂದೇ ಬೇರೆ ಕಡೆ ನೋಡಿದರೆ ಅವನ ದೃಷ್ಟಿ ಅವಳ ಕೆನ್ನೆಯ ಮೇಲಿನ ಮಾಸ್ಕನ್ನು ಸುಡುತ್ತಿತ್ತು.

"ಊಟಕ್ಕೆ ಬರಲ್ವಾ?" ಎಂದರೆ "ನೀವು ಹೋಗ್ಬನ್ನಿ, ಇಲ್ಲೇ ಇರ್ತೀನಿ" ಎನ್ನುತ್ತಿದ್ದ. ಶಿಫ್ಟ್ ಮುಗಿದಾಗಲೂ ಅದೇ ಮಾತು. ಬೆಳಿಗ್ಗೆ ಬಂದರೆ ಅದೇ ಯಂತ್ರಕ್ಕೆ ಅದೇ ಕಿವಿ. ತೂತು ತೂತಿನ ಲೋಹದ ನೆಲದ ಮೇಲೆ ಎಲ್ಲರ ಹೆಜ್ಜೆಯೂ ಟಣ್ ಎನ್ನುತ್ತಿತ್ತು, ಅವನದ್ದು ಎನ್ನುತ್ತಿರಲಿಲ್ಲ. ಪ್ರೀತಿಗೆ ಕಣ್ಣಿಲ್ಲ ಅಂತಾರೆ. ಅವಳ ಪ್ರೀತಿಗೆ ಕಣ್ಣು ಬಿಟ್ಟು ಬೇರೇನೂ ಇರಲಿಲ್ಲ, ಆದರೂ ಅದು ಕಾಣಬೇಕಾದ್ದನ್ನು ಕಾಣಲಿಲ್ಲ.

ಸೂಟು ತೊಡುವ ಕೋಣೆಯನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಇವಳು ಮೆಲ್ಲಗೆ ಕೇಳಿದಳು, "ಚಿಕ್ಕಮ್ಮ, ಕೊನೇ ಸಾಲಿನ ರಿಪೇರಿಯವ್ರ ಸೂಟು ಯಾವ ಗೂಟದಲ್ಲಿ ತೂಗುತ್ತೆ?"

"ಯಾವ ರಿಪೇರಿಯವ್ರೇ?"

"ಎತ್ತರಕ್ಕಿದ್ದಾರಲ್ಲ. ನಗುವಾಗ ಬಲಗಣ್ಣು ಮೊದ್ಲು..."

ಮಡಚುತ್ತಿದ್ದ ಸೂಟು ಚಿಕ್ಕಮ್ಮನ ಕೈಯಲ್ಲೇ ನಿಂತಿತು. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನೀನು ಕೆಲಸಕ್ಕೆ ಸೇರೋಕೆ ಮುಂಚೆ ಇದ್ದ ಅವ್ನು. ಅಲ್ಲೇ ಕೊನೇ ಸಾಲಲ್ಲಿ ಎದೆ ಹಿಡ್ಕೊಂಡು ಕೂತ, ಏಳ್ಲಿಲ್ಲ. ಎತ್ಕೊಂಡು ಹೊರಗೆ ತಂದ್ರು. ಫ್ಯಾನ್ ಒಂದ್ ಕ್ಷಣಾನೂ ನಿಲ್ಲಿಸ್ಲಿಲ್ಲ ಪುಣ್ಯಾತ್ಮರು. ಯಾರೇ ನಿಂಗೆ ಇದನ್ನೆಲ್ಲ ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಬುದ್ಧಿ ಇದ್ದವರು ಅಲ್ಲಿಂದಲೇ ಮನೆಗೆ ಹೋಗುತ್ತಿದ್ದರು. ಅವಳು ಸೂಟು ತೊಟ್ಟು ಒಳಗೆ ಹೋದಳು, ಕೊನೆಯ ಸಾಲಿನವರೆಗೆ ಹೋದಳು.

ಅವನು ಅವಳ ಕಣ್ಣು ನೋಡಿದ ತಕ್ಷಣ ವಿಷಯ ತಿಳಿದುಕೊಂಡ.

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಏನ್ಮಾಡ್ತಿದ್ರಿ?"

"ಓಡ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ." ಅವನು ಚಾವಣಿ ತೋರಿಸಿದ. "ಮೇಲಿಂದ ಇಳಿದ ಗಾಳಿ ಕೆಳಗೆ ಹೋಗುತ್ತೆ, ಮತ್ತೆ ಅದೇ ಗಾಳಿ ಮೇಲೆ ಬರುತ್ತೆ. ಅವತ್ತು ಬಿಟ್ಟ ಉಸಿರು ಇನ್ನೂ ಇಲ್ಲೇ ಸುತ್ತುತ್ತಾ ಇದೆ. ಫ್ಯಾನ್ ತಿರುಗೋವರೆಗೂ ನಾನು. ಅಷ್ಟೇ ನಂಗೆ ಗೊತ್ತಿರೋದು."

"ಹೆದರಿಕೆ ಆಗ್ತಿದೆ ನಂಗೆ."

"ನಂಗೂ. ನೀವು ನಾಳೆ ಬರದೇ ಹೋದ್ರೆ ಅಂತ."

ಅವಳು ಮರುದಿನವೂ ಹೋದಳು. ಹೆದರಿಕೆ ಹೋಗಲಿಲ್ಲ, ಅದೂ ಜೊತೆಯಲ್ಲೇ ಬರುತ್ತಿತ್ತು. ಯಂತ್ರದಲ್ಲಿ ಸೊನ್ನೆ ನೋಡಿದಾಗಲೆಲ್ಲ ಬೆನ್ನಹುರಿಯಲ್ಲಿ ಚಳಿ ಹರಿಯುತ್ತಿತ್ತು, ಅದೇ ಸೊನ್ನೆ ಕಂಡು ಅವನಿದ್ದಾನೆಂದು ಮನಸ್ಸು ಕುಣಿಯುತ್ತಿತ್ತು. ಇದನ್ನು ಹುಚ್ಚು ಎನ್ನಬೇಕಾದರೆ ಅನ್ನಿ. ಅವಳು ಅವನನ್ನು ಪ್ರೀತಿಸುತ್ತಿದ್ದಳು.

ಒಂದು ದಿನ ಮಾಸ್ಕಿಗೆ ಕೈ ಹಾಕಿದಳು.

"ಬೇಡ," ಎಂದ ಅವನು. "ರೂಲ್ಸ್ ಗೊತ್ತಲ್ಲ."

"ನೀವೊಬ್ರಾದ್ರೂ ನನ್ ಮುಖ ನೋಡ್ಬೇಡ್ವಾ? ನಿಮ್ ಪಕ್ಕದಲ್ಲಿ ಹೇಗೂ ಸೊನ್ನೇನೇ." ಮಾಸ್ಕನ್ನು ಗಲ್ಲದವರೆಗೆ ಇಳಿಸಿದಳು. ಯಂತ್ರ ಸೊನ್ನೆ ಬಿಟ್ಟು ಕದಲಲಿಲ್ಲ.

ಅವನು ಬಹಳ ಹೊತ್ತು ನೋಡಿದ. ನೋಟ ಹಣೆಯಿಂದ ಇಳಿದು, ಮೂಗಿನ ತುದಿಯಲ್ಲಿ ಸ್ವಲ್ಪ ತಂಗಿ, ತುಟಿಯ ಹತ್ತಿರ ಬಂದು ನಾಚಿ ಹಿಂದೆ ಹೋಯಿತು.

"ಕಣ್ಣು ನೋಡಿ ಉಳಿದಿದ್ದನ್ನ ಅಂದಾಜು ಮಾಡಿದ್ದೆ. ತಪ್ಪಾಗಿತ್ತು."

"ಏನು ತಪ್ಪು?"

"ಕಮ್ಮಿ ಅಂದಾಜು ಮಾಡಿದ್ದೆ."

"ಈಗ ನಿಮ್ದು."

ಅವನು ತಲೆಯಾಡಿಸಿದ. "ಇದರ ಹಿಂದೆ ಏನಿದೆಯೋ ನಂಗೇ ಗೊತ್ತಿಲ್ಲ. ಏನೂ ಇಲ್ದೇ ಹೋದ್ರೆ?"

ಅವಳು ಒತ್ತಾಯಿಸಲಿಲ್ಲ. ಆದರೆ ದಿನವೂ ತನ್ನ ಮಾಸ್ಕ್ ಇಳಿಸಿದಳು, ಅವನು ನೋಡಲಿ ಎಂದು ನಕ್ಕಳು, ಹರಟಿದಳು. ಆ ಸೊನ್ನೆಯನ್ನು ನಂಬಿದಳು. ಧೂಳು ಎಣಿಸಿ ಬದುಕುವವಳು ಮಾತ್ರ ಮಾಡಬಹುದಾದ ತಪ್ಪು ಅದು.

ಸೂಪರ್‌ವೈಸರ್ ಅವಳನ್ನು ಕರೆಸಿದಾಗ ಅವರ ಮೇಜಿನ ಮೇಲೆ ಒಂದು ವೇಫರ್ ಇತ್ತು.

"ಕೊನೇ ಸಾಲಿನ ಮಾಲು ಹಾಳಾಗ್ತಿದೆ ಕಣಮ್ಮ. ಲ್ಯಾಬಿನವರು ಉಪ್ಪು ಅಂತಿದ್ದಾರೆ. ಮನುಷ್ಯರ ಉಸಿರಿಂದ, ಚರ್ಮದಿಂದ ಬರೋ ಉಪ್ಪು, ನಿನ್ ಯಂತ್ರದ ಲೆಕ್ಕಕ್ಕೆ ಸಿಗಲ್ಲ. ನಮ್ ನಾಲಿಗೆಗೆ ಅದಿಲ್ದೆ ಆಗಲ್ಲ, ಸಿಲಿಕಾನಿಗೆ ಅದೇ ವಿಷ. ಮೊದಲು ಎಲ್ಲಾ ಸರಿ ಇರುತ್ತೆ, ಸ್ವಲ್ಪ ಕಾಲ ಓಡಿ ಆಮೇಲೆ ಕೈ ಕೊಡುತ್ತೆ. ಅವು ಎದೆಬಡಿತ ಕಾಯೋ ಪೇಸ್‌ಮೇಕರ್ ಚಿಪ್ಪು, ಗೊತ್ತಲ್ಲ. ಎಲ್ಲಿಂದ ಬರ್ತಿದೆ ಅಂತ ನೀನೇ ಹುಡುಕ್ಬೇಕು."

ಹುಡುಕುವುದೇನಿತ್ತು? ಅವಳ ನಗು, ಅವಳ ಹರಟೆ ಆ ವೇಫರುಗಳ ಮೇಲೆ ಕೂತಿದ್ದವು.

ಮನೆಯಲ್ಲಿ ಮಾವ ಕಾಯುತ್ತಿದ್ದ. ಸೋದರಮಾವ, ಅವಳನ್ನು ಸಾಕಿದವನು. ಜೀವಮಾನವೆಲ್ಲ ಕಿಟಕಿಗಳಿಗೆ ಗಾಜು ಕೂರಿಸಿದ್ದ. "ಗಾಜೂ ಮರಳು, ನಿನ್ ಚಿಪ್ಪೂ ಮರಳು. ನಮ್ ಮನೇಗೆ ಅನ್ನ ಹಾಕಿದ್ದು ಮರಳೇ ಕಣೇ" ಎನ್ನುವುದು ಅವನ ಮಾತು. ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟ ಮೇಲೆ ಇನ್ನೊಂದು ಸೇರಿಸಿಕೊಂಡಿದ್ದ: "ಈಗ ಮರಳೇ ನನ್ನನ್ನ ತಳ್ತಾ ಇದೆ."

ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಅಂಗಿಯ ಕೆಳಗೆ ಆ ಪುಟ್ಟ ಉಬ್ಬು ಕಾಣುತ್ತಿತ್ತು. ಅವನ ಎದೆಯೊಳಗಿನದು ಹಳೆಯದು, ಒಳ್ಳೆಯದು. ಆದರೆ ಮುಂದಿನದು ಇನ್ನು ಯಾವ ಮಾವನ ಎದೆಗೋ ಹೋಗುತ್ತದೆ, ಯಾವ ಮನೆಯ ಕುರ್ಚಿಯಲ್ಲೋ ಸದ್ದಿಲ್ಲದೆ ನಿಲ್ಲುತ್ತದೆ. ಕೋಣೆಯನ್ನು ಪೂರ್ತಿ ತೊಳೆದು ಫಿಲ್ಟರ್‌ಗಳನ್ನೆಲ್ಲ ಬದಲಿಸದೆ ಆ ಉಪ್ಪು ಹೋಗುವುದಿಲ್ಲ. ಅದಕ್ಕೆ ಫ್ಯಾನ್ ನಿಲ್ಲಿಸಬೇಕು. ಫ್ಯಾನ್ ನಿಂತರೆ ಕೊನೆಯ ಸಾಲಿನವನಿಲ್ಲ.

ಮರುದಿನ ಅವನೆದುರು ನಿಂತು ಎಲ್ಲ ಹೇಳಿದಳು, ಮಾಸ್ಕ್ ಇಳಿಸಲಿಲ್ಲ.

"ತಪ್ಪನ್ನ ಯಾವುದೋ ಯಂತ್ರದ ಮೇಲೆ ಹಾಕ್ಬಿಡ್ತೀನಿ," ಎಂದಳು. "ಅದನ್ನ ಬದಲಾಯಿಸ್ತಾರೆ. ನಾನು ಇನ್ಮೇಲೆ ಮುಖ ತೋರಿಸಲ್ಲ. ಯಾರಿಗೂ ಏನೂ ಆಗಲ್ಲ."

"ಈಗಾಗ್ಲೇ ಕೂತಿರೋ ಉಪ್ಪು?"

ಅವನು ಮೊದಲ ಬಾರಿಗೆ ಯಂತ್ರದಿಂದ ದೂರ ಸರಿದು ಅವಳ ಹತ್ತಿರಕ್ಕೆ ಬಂದ. ಹತ್ತಿರ ಬಂದಷ್ಟೂ ಅಲ್ಲಿ ಯಾರೂ ಇಲ್ಲ ಎಂದೇ ಮೈಗೆ ಅನ್ನಿಸುತ್ತಿತ್ತು.

"ನನ್ನ ಎದೆ ನಿಂತಾಗ ಒಳಗೆ ಇಂಥ ಚಿಪ್ಪೊಂದು ಇದ್ದಿದ್ರೆ, ಇವತ್ತು ಗೇಟ್ ಹತ್ರ ನಿಮ್ಮನ್ನ ಕಾಯ್ತಿದ್ದೆ. ಬೈಯ್ತಿದ್ದೆ, ಲೇಟಾಯ್ತು ಅಂತ. ನಂಗೆ ಸಿಗದೇ ಇದ್ದಿದ್ದು ಅವರಿಗಾದ್ರೂ ಸಿಗ್ಲಿ."

"ನಾನೇನ್ ಮಾಡ್ಲಿ ಆಮೇಲೆ?"

"ಹೊರಗೆ ಹೋಗಿ ಬದುಕಿ. ಇಲ್ಲಿ ಬರೀ ಗಾಳಿ ಇದೆ."

ತಪ್ಪು ತನ್ನದೇ ಎಂದು ಅವಳು ಸೂಪರ್‌ವೈಸರ್‌ಗೆ ಹೇಳಿದಳು. ಅವರು ಬೈದರು, ಬೇರೆ ವಿಭಾಗಕ್ಕೆ ಹಾಕುತ್ತೇನೆಂದರು, ಮಾಡಿದ ಮಾಲನ್ನೆಲ್ಲ ತಡೆಹಿಡಿದು ಕೋಣೆ ತೊಳೆಯಲು ದಿನ ಗೊತ್ತು ಮಾಡಿದರು. ಫ್ಯಾನ್ ನಿಲ್ಲಿಸುವಾಗ ಒಳಗೆ ತಾನಿರುತ್ತೇನೆ ಎಂದು ಅವಳು ಕೇಳಿಕೊಂಡಳು. ತಪ್ಪು ಮಾಡಿದವರಿಗೆ ಕಸದ ಕೆಲಸ ಒಪ್ಪಿಸುವುದು ಯಾರಿಗೂ ಬೇಸರವಲ್ಲ.

ಆ ಬೆಳಿಗ್ಗೆ ಮೊರೆತ ಒಂದೊಂದೇ ಸಾಲಿನಲ್ಲಿ ಇಳಿಯುತ್ತ ಬಂತು. ಕೊನೆಯ ಸಾಲಿನದ್ದೂ ನಿಂತಾಗ ಬಂದ ಮೌನಕ್ಕೆ ಅವಳ ಕಿವಿ ನೋಯಿತು. ತನ್ನ ರಕ್ತ ಹರಿಯುವುದು ತನಗೇ ಕೇಳುತ್ತಿತ್ತು.

"ಹೀಗಿದೆಯಾ ನಿನ್ನ ದನಿ?" ಎಂದ ಅವನು. ಅಷ್ಟು ದಿನದ ಮೇಲೆ ಮೊದಲ ಸಲ ಅವನು ಕೂಗದೆ ಮಾತಾಡಿದ್ದ, ಮೊದಲ ಸಲ ನೀನು ಎಂದಿದ್ದ.

"ನಾನಿನ್ನೂ ಏನೂ ಹೇಳೇ ಇಲ್ವಲ್ಲ."

"ಉಸಿರಾಡ್ತಿದ್ದೀಯಲ್ಲ. ಕೇಳಿಸ್ತಿದೆ."

"ಪ್ರೀತಿಸ್ತೀನಿ ನಿನ್ನ," ಎಂದಳು ಅವಳು, ಅಷ್ಟೇ ಮೆಲ್ಲಗೆ. ಕೂಗಿ ಹೇಳುವ ಮಾತಲ್ಲ ಎಂದು ಅಲ್ಲಿಯವರೆಗೂ ಇಟ್ಟುಕೊಂಡಿದ್ದಳು. "ಈಗಾದ್ರೂ ತೋರ್ಸು. ಏನೂ ಇಲ್ದೇ ಇದ್ರೂ ಪರವಾಗಿಲ್ಲ."

ಅವನ ಕೈ ಮಾಸ್ಕಿನ ಹತ್ತಿರ ಹೋಗಿ ನಿಂತಿತು. ಅವಳು ಹಲ್ಲು ಕಚ್ಚಿ ನಿಂತಳು, ಕಣ್ಣು ಮುಚ್ಚಲಿಲ್ಲ. ಮಾಸ್ಕ್ ಇಳಿಯಿತು.

ಮುಖ ಇತ್ತು. ತೀರ ಸಾಮಾನ್ಯವಾದ ಮುಖ. ಅವಳಿಗೆ ಅಳುವಿನ ಜೊತೆಗೇ ನಗು ಬಂತು. ಅವನು ಗಾಬರಿಯಾಗಿ ಗಲ್ಲ ಸವರಿಕೊಂಡ.

"ಏನು?"

"ಏನಿಲ್ಲ. ಚೆನ್ನಾಗಿದ್ದೀಯ."

"ಸುಳ್ಳು," ಎಂದು ಅವನು ನಕ್ಕ. ನಿಂತ ಗಾಳಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ನವಿರಾದ ಧೂಳು ದೀಪದ ಕೆಳಗೆ ಇಳಿಯತೊಡಗಿತ್ತು. ಅದು ಮೇಜುಗಳ ಮೇಲೆ, ನೆಲದ ಮೇಲೆ, ಅವಳ ತೋಳಿನ ಮೇಲೆ ಕೂತಿತು. ಅವನು ನಿಂತಿದ್ದ ಜಾಗದಲ್ಲೂ ಕೂತಿತು. ಹೊರಗಿನಿಂದ ಏಣಿ ಹಿಡಿದವರು ಬಾಗಿಲು ತೆಗೆದರು, ಫಿಲ್ಟರ್‌ಗಳನ್ನು ಇಳಿಸುವುದಕ್ಕೆ ಅವಳು ದಾರಿ ಬಿಟ್ಟಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾವ ಅವಳ ಮುಖ ನೋಡಿ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಏನಾಯ್ತೇ?"

"ನಂಗೊಬ್ಬ ಇದ್ದ, ಮಾವ. ಇವತ್ತು ಹೋದ."

ಯಾರು, ಎತ್ತ ಎಂದು ಮಾವ ಕೇಳಲಿಲ್ಲ. ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದ. ಆಮೇಲೆ ಕೇಳಿದ, "ನೋಡೋಕೆ ಹೇಗಿದ್ದ?"

"ಸಾಧಾರಣ," ಎಂದಳು. "ಮೂಗು ಸ್ವಲ್ಪ ಸೊಟ್ಟ. ಶೇವ್ ಮಾಡ್ಕೊಂಡಿರ್ಲಿಲ್ಲ. ಹೊಗಳಿದ್ರೆ ನಾಚ್ಕೊಳ್ತಿದ್ದ."

"ಒಳ್ಳೇ ಹುಡುಗನ ಥರ ಇದ್ದಾನಲ್ಲೇ. ಮನೇಗೆ ಕರ್ಕೊಂಡ್ ಬರೋದಲ್ವಾ?"

ಅವಳು ತಲೆಯನ್ನು ಮಾವನ ಎದೆಗೆ ಒರಗಿಸಿ ಅತ್ತಳು. ಕಿವಿಯ ಕೆಳಗೆ ಅವನ ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಒಂದೂ ತಪ್ಪದೆ.