ತಾತ ಒರಗಿದ ಗೋಡೆ

ಸ್ಟಿಕ್ಕರ್ ಮತ್ತೆ ಕೆಳಗೆ ಬಿತ್ತು.

ಬುಗುರಿ ಅದನ್ನು ನೆಲದಿಂದ ಹೆಕ್ಕಿ, ಉಫ್ ಎಂದು ದೂಳು ಊದಿ, ಗೋಡೆಗೆ ಇನ್ನೊಮ್ಮೆ ಒತ್ತಿದಳು. ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿದಳು. ಈ ಸಲ ಅಂಟಿಕೊಂಡಿತು ಅನ್ನಿಸಿತು.

"ಅಯ್ಯೋ, ಗೋಡೆಗ್ಯಾಕೆ ಅಂಟಿಸ್ತಿದೀಯ ಪುಟ್ಟಾ?" ಎಂದು ಡಿಸೈನರ್ ಅಕ್ಕ ನಕ್ಕರು. "ಗೋಡೆ ಎಲ್ಲಿಗೂ ಓಡಿಹೋಗಲ್ಲ. ಗಡಿಯಾರ, ಕೆಟಲ್ಲು, ಭರಣಿ, ಅಂಥದಕ್ಕೆ ಅಂಟಿಸು."

"ಇದೂ ಬೇಕು ಅಕ್ಕಾ."

ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು. ಅವರು ಮಾತಾಡುತ್ತಾ ಹೊರಗೆ ಹೋದರು. ಅಲ್ಲಿ ಏನಿದೆ, ಅದು ಯಾಕೆ ಬೇಕು ಎಂದು ಕೇಳಲೇ ಇಲ್ಲ.

ಹೋಟೆಲು ತಾತನದು. ತಾತ ತೀರಿಕೊಂಡ ಮೇಲೆ ಬಹಳ ದಿನ ಬಾಗಿಲು ಮುಚ್ಚಿಯೇ ಇತ್ತು. ಅಪ್ಪ ದಿನಾ ಬೆಳಿಗ್ಗೆ ಬೀಗ ತೆಗೆದು, ಒಳಗೆ ಸ್ವಲ್ಪ ಹೊತ್ತು ನಿಂತು, ಮತ್ತೆ ಬೀಗ ಹಾಕಿಕೊಂಡು ಬರುತ್ತಿದ್ದರು. ಈಗ ಅದನ್ನು ರೆಟ್ರೋ ಮಾಡಿಸುತ್ತಿದ್ದಾರೆ.

"ರೆಟ್ರೋ ಅಂದ್ರೆ ಏನಪ್ಪಾ?" ಎಂದು ಬುಗುರಿ ಕೇಳಿದ್ದಳು.

"ಹೊಸದಾಗಿದ್ರೂ ಹಳೇ ಕಾಲದ ಥರ ಕಾಣೋದು."

"ನಮ್ಮ ಹೋಟ್ಲು ಹಳೇದೇ ಅಲ್ವಾ?"

"ಇದು ಬರೀ ಹಳೇದು. ಅದು ಬೇರೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಉತ್ತರ. ಬುಗುರಿಗೆ ಕಂಡದ್ದು ಇಷ್ಟೇ: ಹೊಸ ಕುರ್ಚಿಗಳು ಬಂದವು, ಡಿಸೈನರ್ ಅಕ್ಕ ಅವಕ್ಕೆ ಉಪ್ಪುಕಾಗದ ಉಜ್ಜಿಸಿ ಹಳೆಯದು ಮಾಡಿಸಿದರು. ಹಳೆಯ ಗೋಡೆಗಳಿಗೆ ಬಣ್ಣ ಬಳಿದು ಹೊಸದು ಮಾಡುವವರಿದ್ದರು. ದೊಡ್ಡವರ ಕೆಲಸವೇ ಹೀಗೆ, ತಲೆಬುಡ ತಿಳಿಯುವುದಿಲ್ಲ.

ಹಳೆಯ ಸಾಮಾನುಗಳಲ್ಲಿ ಯಾವುದು ಉಳಿಯಬೇಕೋ ಅದಕ್ಕೆ ಹಳದಿ ಸ್ಟಿಕ್ಕರ್. ಸ್ಟಿಕ್ಕರ್ ಇಲ್ಲದ್ದೆಲ್ಲ ಗುಜರಿಗೆ. ಆ ಕೆಲಸವನ್ನು ಅಪ್ಪ ಬುಗುರಿಗೇ ಕೊಟ್ಟಿದ್ದರು. "ಈ ಹೋಟ್ಲನ್ನ ನಿನ್ನಷ್ಟು ಸುತ್ತಿದವರು ಯಾರಿದಾರೆ? ನೀನೇ ಅಂಟಿಸು."

ಅದು ನಿಜ. ನಡೆಯಲು ಕಲಿತ ದಿನದಿಂದ ಅವಳು ಮೇಜುಗಳ ಮಧ್ಯೆ ಸುತ್ತುತ್ತಲೇ ಇದ್ದಳು. ಅದಕ್ಕೇ ತಾತ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದು. ಅವಳ ಇನ್ನೊಂದು ಹೆಸರು ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳುತ್ತಿರಲಿಲ್ಲ.

ಬುಗುರಿ ಮೊದಲು ಗಡಿಯಾರಕ್ಕೆ ಅಂಟಿಸಿದ್ದಳು. ಟೀ ಕೆಟಲ್ಲುಗಳಿಗೆ, ಗಾಜಿನ ಭರಣಿಗಳಿಗೆ, ಮೂಲೆ ಒಡೆದ ಕನ್ನಡಿಗೆ ಅಂಟಿಸಿದ್ದಳು. ಗಲ್ಲಾದಲ್ಲಿದ್ದ ತಾತನ ಮರದ ಕುರ್ಚಿಗೆ ಎರಡೆರಡು ಅಂಟಿಸಿದ್ದಳು. ಕೊನೆಗೆ ಕುರ್ಚಿಯ ಹಿಂದಿನ ಈ ಗೋಡೆಗೆ ಬಂದಿದ್ದಳು.

ಅಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಗುರುತು ಇತ್ತು. ದುಂಡಗೆ, ಟೀ ಬಣ್ಣ, ಮುಟ್ಟಿದರೆ ನುಣ್ಣಗೆ. ತಾತ ಬೆಳಿಗ್ಗೆ ಎದ್ದವರೇ ತಲೆಗೆ ಕೈತುಂಬ ಎಣ್ಣೆ ಹಚ್ಚುತ್ತಿದ್ದರು. ಜನ ಕಡಿಮೆಯಾದ ಹೊತ್ತಿನಲ್ಲಿ ಗಲ್ಲಾದಲ್ಲೇ ಗೋಡೆಗೆ ತಲೆ ಒರಗಿಸಿ, ಒಂದು ಕಣ್ಣು ಮುಚ್ಚುತ್ತಿದ್ದರು. ಇನ್ನೊಂದು ಕಣ್ಣಿನಲ್ಲಿ ಹೋಟೆಲು ಕಾಯುತ್ತಿದ್ದರು. ಎಷ್ಟೋ ವರ್ಷ ಹಾಗೆ ಒರಗಿ ಒರಗಿ ಗೋಡೆ ಆ ಎಣ್ಣೆಯನ್ನೆಲ್ಲ ಕುಡಿದಿತ್ತು.

"ಇದು ನನ್ನ ಫೋಟೋ ಕಣೇ ಬುಗುರಿ," ಎನ್ನುತ್ತಿದ್ದರು ತಾತ. "ನಾನು ಹೋದ ಮೇಲೆ ಬೇರೆ ಫೋಟೋ ತೂಗುಹಾಕಬೇಡಿ. ಇದೇ ಸಾಕು. ಮೊಳೆ ಖರ್ಚೂ ಇಲ್ಲ!"

ಅಪ್ಪ ಮಾತ್ರ ತಲೆಗೆ ಎಣ್ಣೆ ಸೋಕಿಸುತ್ತಿರಲಿಲ್ಲ. ಅವರ ಕೂದಲನ್ನು ತಾತ ಒಣಹುಲ್ಲು ಎಂದು ರೇಗಿಸುತ್ತಿದ್ದರು.

ಮರುದಿನ ಶಾಲೆ ಬಿಟ್ಟ ಕೂಡಲೇ ಬುಗುರಿ ಹೋಟೆಲಿಗೆ ಓಡಿದಳು. ಬೀದಿಯವರೆಗೂ ಬಣ್ಣದ ವಾಸನೆ ಬರುತ್ತಿತ್ತು. ಒಳಗೆ ಹೋಗಿ ನೋಡಿದರೆ ಗಲ್ಲಾದ ಹಿಂದಿನ ಗೋಡೆ ಈ ತುದಿಯಿಂದ ಆ ತುದಿಗೆ ಗಿಳಿಹಸಿರು. ಗುರುತು ಎಲ್ಲಿತ್ತೆಂದೂ ತಿಳಿಯುತ್ತಿರಲಿಲ್ಲ.

ಹಳದಿ ಸ್ಟಿಕ್ಕರ್ ಕುರ್ಚಿಯ ಕಾಲಿನ ಹತ್ತಿರ ಬಿದ್ದಿತ್ತು. ಅಂಟಿನ ತುಂಬ ದೂಳು.

"ಇಲ್ಲಿ ಯಾಕೆ ಬಳಿದ್ರಿ? ಸ್ಟಿಕ್ಕರ್ ಹಾಕಿದ್ನಲ್ಲ!"

ಪೇಂಟರ್ ಮಾಮ ಏಣಿಯ ಮೇಲಿನಿಂದ ಬಗ್ಗಿ ನೋಡಿದರು. "ಇಲ್ಲಿ ಯಾವ ಸ್ಟಿಕ್ಕರೂ ಇರ್ಲಿಲ್ಲಮ್ಮ. ಇದ್ದಿದ್ರೆ ಕೇಳ್ದೆ ಬಳೀತಿದ್ನಾ?"

ಎಣ್ಣೆ ಹಿಡಿದ ಗೋಡೆಗೆ ಅಂಟು ಹಿಡಿಯುವುದುಂಟೇ? ಅದು ಬುಗುರಿಗೆ ಈಗ ಹೊಳೆಯಿತು. ಕೆಟಲ್ಲು, ಭರಣಿಗಳಿಗೆಲ್ಲ ಗಟ್ಟಿಯಾಗಿ ಅಂಟಿತ್ತು. ಬೇಕೇ ಬೇಕಾದದ್ದಕ್ಕೆ ಅಂಟಿರಲಿಲ್ಲ. ಬಾಯಿಬಿಟ್ಟು ಹೇಳಬೇಕಿತ್ತು. ಅಪ್ಪನಿಗೆ ಹೇಳಬೇಕಿತ್ತು. ಅವಳು ತಾತನ ಕುರ್ಚಿಯಲ್ಲಿ ಕುಳಿತು, ಬ್ಯಾಗನ್ನು ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಆದರೆ ಅದರ ಮಾರನೆಯ ದಿನ ಏನಾಗಿತ್ತು ಗೊತ್ತೇ? ಪೇಂಟರ್ ಮಾಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಗೋಡೆಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಗಿಳಿಹಸಿರಿನ ನಡುವೆ ತಾತನ ಗುರುತು ಎದ್ದು ಬಂದಿತ್ತು!

"ಎಣ್ಣೆ ಅಂದ್ರೆ ಹೀಗೇನೇ. ಮೇಲೆ ಬಳಿದ್ರೆ ಒಳಗಿಂದ ಬರುತ್ತೆ," ಎಂದು ಗೊಣಗಿ ಮಾಮ ಇನ್ನೊಂದು ಕೋಟ್ ಹೊಡೆದರು.

ಮತ್ತೊಂದು ದಿನ ಕಳೆಯಿತು. ಗುರುತು ಮತ್ತೆ ಬಂತು.

"ನಿಮ್ಮ ತಾತ ಭಾರೀ ಹಠಮಾರಿ ಇದ್ರಾ?"

"ಹೂಂ! ತುಂಬಾ!" ಎಂದಳು ಬುಗುರಿ. ತಾತ ಹೋದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಸ್ಟಿಕ್ಕರ್ ಬಿದ್ದರೇನಂತೆ? ತಾತ ತಾವೇ ಬಂದಿದ್ದರಲ್ಲ. ಖುಷಿಯಲ್ಲಿ ಮೇಜುಗಳ ಸುತ್ತ ಒಂದು ಸುತ್ತು ಹಾಕಿದಳು.

ಆಗ ಅಪ್ಪ ಬಂದರು.

"ಸರ್, ಇದು ಬಣ್ಣಕ್ಕೆ ಬಗ್ಗೋದಲ್ಲ. ಏನ್ಮಾಡ್ಲಿ?" ಎಂದು ಮಾಮ ಕೇಳಿದರು.

ಅಪ್ಪ ಗೋಡೆಯ ಕಡೆ ಒಂದು ಸಲ ನೋಡಿದರು. ಕೂಡಲೇ ಕಣ್ಣು ಬೇರೆಡೆ ತಿರುಗಿಸಿದರು. "ಅಷ್ಟು ಜಾಗ ಕೆತ್ತಿಬಿಡಿ. ಹೊಸ ಗಾರೆ ಮೆತ್ತಿ ಬಳೀರಿ."

"ಅಪ್ಪಾ, ಬೇಡ! ಅದು ತಾತನ ಫೋಟೋ!"

"ಮನೆಗೆ ನಡಿ."

"ಅಪ್ಪಾ, ತಾತ ಹೇಳಿದ್ರು ಅದನ್ನೇ..."

"ಮನೆಗೆ ನಡಿ ಅಂದೆ!"

ಅಪ್ಪ ಅವಳ ಮೇಲೆ ಹಾಗೆ ಎಂದೂ ಕೂಗಿದವರಲ್ಲ. ಬುಗುರಿ ಬಾಗಿಲವರೆಗೆ ಹೋಗಿ ಅಲ್ಲೇ ನಿಂತಳು. ಉಳಿ, ಸುತ್ತಿಗೆ ಬಂದವು. ಟಕ್ ಟಕ್ ಎಂದು ಗಾರೆ ಚಕ್ಕೆಚಕ್ಕೆಯಾಗಿ ಉದುರಿತು. ಒಂದು ಚಕ್ಕೆ ಉರುಳಿಕೊಂಡು ಅವಳ ಕಾಲಬುಡಕ್ಕೆ ಬಂತು. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಓಡಿದಳು. ಮನೆ ತಲುಪಿ ಕೈ ಬಿಚ್ಚಿದರೆ ಬರೀ ಪುಡಿ.

ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಕರೆದರೆ ಕೇಳಿಸದವಳಂತೆ ಇರುತ್ತಿದ್ದಳು. ಊಟದ ಹೊತ್ತಿಗೆ ಗಂಟುಮುಖ ಹಾಕಿಕೊಂಡು ಬಂದು, ಮುಗಿದ ಕೂಡಲೇ ಎದ್ದುಹೋಗುತ್ತಿದ್ದಳು. ಅಪ್ಪನಿಗೆ ತಾತ ಬೇಡವಾಗಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅಂಥ ಅಪ್ಪನ ಜೊತೆ ಏನು ಮಾತಾಡುವುದು?

"ನಮ್ಮನೆ ಬುಗುರಿ ನಿಂತೇಬಿಡ್ತಲ್ಲ," ಎಂದರು ಅಮ್ಮ. 

ಹೋಟೆಲು ಮತ್ತೆ ಶುರುವಾಗುವ ಹಿಂದಿನ ದಿನ ಸಂಜೆ ಅಪ್ಪ ಅವಳ ಕೋಣೆಯ ಬಾಗಿಲಲ್ಲಿ ನಿಂತರು. "ಇವತ್ತು ಲೈಟ್ ಹಾಕಿ ನೋಡ್ತಾರೆ. ನೀನು ಉಳಿಸಿದ ಕೆಟಲ್ಲುಗಳಲ್ಲೇ ಲೈಟ್ ಮಾಡಿದಾರೆ. ಬರ್ತೀಯಾ?"

ಮಾತಾಡದೆ ಚಪ್ಪಲಿ ಹಾಕಿಕೊಂಡು ಹೊರಟಳು. ಕೋಪ ಇದ್ದರೂ ಕೆಟಲ್ಲುಗಳನ್ನು ನೋಡದೆ ಇರಲು ಆಗಲಿಲ್ಲ.

"ರೆಡೀನಾ?" ಎಂದು ಡಿಸೈನರ್ ಅಕ್ಕ ಸ್ವಿಚ್ ಒತ್ತಿದರು.

ಕೆಟಲ್ಲುಗಳು ಸೂರಿನಿಂದ ಸಾಲಾಗಿ ತೂಗುತ್ತಿದ್ದವು. ಮೈತುಂಬ ಸಣ್ಣ ಸಣ್ಣ ತೂತು. ಒಳಗೆ ಬಲ್ಬು ಹೊತ್ತಿಕೊಂಡಾಗ ಗೋಡೆ, ನೆಲ, ಬುಗುರಿಯ ಫ್ರಾಕು, ಎಲ್ಲದರ ಮೇಲೂ ಬೆಳಕಿನ ಚುಕ್ಕಿಗಳು ಚೆಲ್ಲಿಕೊಂಡವು. ಭರಣಿಗಳಲ್ಲಿಟ್ಟ ಬಲ್ಬುಗಳು ಜೇನಿನ ಬಣ್ಣದಲ್ಲಿ ಉರಿಯುತ್ತಿದ್ದವು.

"ವಾವ್!" ಎಂದುಬಿಟ್ಟಳು ಬುಗುರಿ. ಮಾತು ಬಿಟ್ಟಿದ್ದು ನೆನಪಾಗಿ ತುಟಿ ಬಿಗಿಹಿಡಿದಳು. ತಾತ ಇದನ್ನು ನೋಡಿದ್ದರೆ ಎರಡೂ ಕಣ್ಣು ತೆರೆಯುತ್ತಿದ್ದರು ಅನ್ನಿಸಿತು. ಅನ್ನಿಸಿದ್ದೇ ತಡ, ಗಲ್ಲಾದ ಕಡೆ ತಿರುಗಿದಳು.

ಗಲ್ಲಾದ ಮೇಲೆ ತೂಗುತ್ತಿದ್ದದ್ದು ಎಲ್ಲಕ್ಕಿಂತ ಹಳೆಯ, ಹೊಟ್ಟೆ ತಗ್ಗಾದ ಕೆಟಲ್ಲು. ಅದರ ಬೆಳಕು ಖಾಲಿ ಕುರ್ಚಿಯ ಮೇಲೆ, ಅದರ ಹಿಂದಿನ ಹಸಿರು ಗೋಡೆಯ ಮೇಲೆ ಬಿದ್ದಿತ್ತು. ಗೋಡೆಯಲ್ಲಿ ಏನೂ ಇರಲಿಲ್ಲ.

"ಇಲ್ಲೊಂದು ಬೋಳುಬೋಳು ಕಾಣ್ತಿದೆ ಸರ್," ಎಂದರು ಅಕ್ಕ. "ಯಾವುದಾದ್ರೂ ಹಳೇ ಪೋಸ್ಟರ್ ತೂಗುಹಾಕೋಣ್ವಾ?"

"ಬೇಡ," ಎಂದರು ಅಪ್ಪ.

ಅಕ್ಕ ಅಡುಗೆಮನೆಯ ಲೈಟು ನೋಡಲು ಒಳಗೆ ಹೋದರು. ಬುಗುರಿಗೆ ಇನ್ನು ತಡೆಯಲಾಗಲಿಲ್ಲ.

"ಅಲ್ಲಿ ಇತ್ತಲ್ಲ! ನೀವೇ ತೆಗೆಸಿದ್ದು!"

ಅಪ್ಪ ಬೈಯಲಿಲ್ಲ. ಒಂದು ಮೇಜಿನ ಅಂಚಿಗೆ ಒರಗಿ ನಿಂತರು. ಅವರ ಅಂಗಿಯ ಮೇಲೂ ಚುಕ್ಕಿಗಳಿದ್ದವು.

"ಬಾಗಿಲು ತೆಗೆದ ತಕ್ಷಣ ಮೊದಲು ಅದೇ ಕಾಣ್ತಿತ್ತು ಕಣೇ," ಎಂದರು ಮೆಲ್ಲಗೆ. "ನೋಡಿದ ಕೂಡಲೇ, ನಮ್ಮಪ್ಪ ಒಳಗೆ ಕೈ ತೊಳ್ಕೊಳ್ಳೋಕೆ ಹೋಗಿದಾರೆ, ಈಗ ಬಂದು ಕೂತ್ಕೋತಾರೆ ಅನ್ಸೋದು. ನಿಂತು ಕಾಯ್ತಿದ್ದೆ. ದಿನಾ ಕಾಯ್ತಿದ್ದೆ. ಆಮೇಲೆ ಬೀಗ ಹಾಕ್ಕೊಂಡು ಬರ್ತಿದ್ದೆ."

ಬುಗುರಿ ಅಪ್ಪನ ಮುಖ ನೋಡಿದಳು.

"ಅದು ಹೋದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಎಲ್ಲಿ ಸರಿಹೋಗುತ್ತೆ? ಈಗ್ಲೂ ಹಾಗೇ ಅನ್ಸುತ್ತೆ. ಗುರುತೂ ಇಲ್ಲ, ಅವ್ರೂ ಇಲ್ಲ. ಕೆತ್ತಿಸಬಾರದಿತ್ತು."

ನಮ್ಮಪ್ಪ. ಅಪ್ಪ ತಾತನನ್ನು ಹಾಗೆ ಎಷ್ಟೋ ಸಲ ಕರೆದಿದ್ದರು. ಆದರೆ ಅವಳು ಅದನ್ನು ಕಿವಿಗೊಟ್ಟು ಕೇಳಿದ್ದು ಇಂದೇ. ಇಷ್ಟು ದಿನ ತಾತನನ್ನು ಕಳೆದುಕೊಂಡವಳು ತಾನೊಬ್ಬಳೇ ಎಂಬಂತೆ ಇದ್ದಳಲ್ಲ. ನಾಳೆ ಬೆಳಿಗ್ಗೆ ತನಗೆ ಅಪ್ಪ ಇಲ್ಲ ಎಂದಾದರೆ? ಅವಳು ಹೋಗಿ ಅಪ್ಪನ ಕೈ ಹಿಡಿದುಕೊಂಡಳು.

"ಬನ್ನಿ, ಕೂತ್ಕೊಳ್ಳಿ."

"ಎಲ್ಲಿ?"

ಅವಳು ತಾತನ ಕುರ್ಚಿ ಎಳೆದಳು. ಅಪ್ಪ ಆ ಕುರ್ಚಿಯಲ್ಲಿ ಒಂದು ದಿನವೂ ಕುಳಿತಿರಲಿಲ್ಲ. ಈಗಲೂ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವರ ಹಾಗೆ ಕುಳಿತರು. ಆಮೇಲೆ ಸ್ವಲ್ಪ ಹಿಂದೆ ಸರಿದರು. ಆಮೇಲೆ ಮೆಲ್ಲಗೆ ತಲೆಯನ್ನು ಗೋಡೆಗೆ ಒರಗಿಸಿದರು.

ಸರಿಯಾಗಿ ಅದೇ ಜಾಗ. ಬುಗುರಿ ಕುಳಿತಾಗ ಅವಳ ತಲೆ ಗೇಣುದ್ದ ಕೆಳಗಿರುತ್ತಿತ್ತು. ಅಪ್ಪನ ತಲೆ ಒಂದಿಷ್ಟೂ ಮೇಲಿಲ್ಲ, ಕೆಳಗಿಲ್ಲ.

ಒಳಗಿನಿಂದ ಬಂದ ಡಿಸೈನರ್ ಅಕ್ಕ ಗಾಬರಿಯಾದರು. "ಸರ್, ತಲೆ ತೆಗೀರಿ! ಹೊಸ ಪೇಂಟು, ಕಲೆ ಆಗುತ್ತೆ!"

"ಆಗ್ಲಿ ಬಿಡಿ," ಎಂದರು ಅಪ್ಪ. ತಾತನ ಹಾಗೆ ಒಂದು ಕಣ್ಣಲ್ಲ, ಎರಡೂ ಕಣ್ಣು ಮುಚ್ಚಿದ್ದರು. ರೆಪ್ಪೆ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ, ಹೊಸ ಅಂಗಿ ತೊಟ್ಟು, ಕನ್ನಡಿಯ ಮುಂದೆ ಒಣಹುಲ್ಲು ಬಾಚಿಕೊಳ್ಳುತ್ತಿದ್ದರು. ಬುಗುರಿ ತಾತನ ಎಣ್ಣೆ ಬಾಟಲಿ ಹಿಡಿದುಕೊಂಡು ಬಂದಳು.

"ಕೆಳಗೆ ಕೂತ್ಕೊಳ್ಳಿ."

"ಯಾಕೆ?"

"ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ."

ಅವಳು ಕೈತುಂಬ ಎಣ್ಣೆ ಸುರಿದುಕೊಂಡು ಅಪ್ಪನ ತಲೆಗೆ ತಟ್ಟಿದಳು.

"ಏಯ್, ಏಯ್! ಇಷ್ಟೊಂದ್ಯಾಕೆ? ಕುತ್ತಿಗೆಗೆ ಇಳೀತಿದೆ! ಇವತ್ತು ಓಪನಿಂಗ್ ಕಣೇ, ಬಂದವರು ಏನಂತಾರೆ?"

ಬುಗುರಿ ಬಾಟಲಿಯನ್ನು ಇನ್ನೊಮ್ಮೆ ಬಗ್ಗಿಸಿದಳು. ಅಪ್ಪನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ, ಹಿಂಭಾಗಕ್ಕೆ ಇನ್ನೂ ಸ್ವಲ್ಪ ಹಚ್ಚಿದಳು.